ಎಲೆ ಎತ್ತುವ ಗೋಟೂ: ಒಂದು ಕಾಲ್ಪನಿಕ ಸಂದರ್ಶನ

ಲಿನಕ್ಸ್ ಕರ್ನಲ್‌ನ ಡ್ರೈವರ್‌ಗಳಲ್ಲಿ ಎರವಲು ತಂದದ್ದನ್ನು ವಾಪಸು ಕೊಡುವ ಕೆಲಸ ಬಹುಕಾಲದಿಂದ ‘ಗೋಟೂ’ ಎಂಬ ಆಜ್ಞೆಯ ಪಾಲಿಗೆ ಬಿದ್ದಿದೆ. ಸಿ ಭಾಷೆಯ ಈ ಪುಟ್ಟ ಪದಕ್ಕೆ ಗೊತ್ತಿರುವುದು ಒಂದೇ ವಿದ್ಯೆ: ಹೇಳಿದ ಲೇಬಲ್‌ಗೆ ನೆಗೆಯುವುದು. 1968ರ ಮಾರ್ಚ್‌ನಲ್ಲಿ ಡೈಕ್‌ಸ್ಟ್ರಾ ಬರೆದ ಪತ್ರವೊಂದು ಅದನ್ನು ಹಾನಿಕಾರಕವೆಂದು ಸಾರಿದ ಮೇಲೆ ತರಗತಿಗಳಲ್ಲಿ ಅದರ ಹೆಸರೆತ್ತುವುದೂ ಅಪರಾಧವಾಯಿತು. ಸಂದರ್ಶನ ನಡೆದದ್ದು ಡ್ರೈವರ್ ಒಂದರ ಪ್ರೋಬ್ ಫಂಕ್ಷನ್‌ನ ತಳದಲ್ಲಿ, ‘ರಿಟರ್ನ್ 0’ ಎಂಬ ಸಾಲಿನ ಕೆಳಗೆ. ಎಲ್ಲವೂ ಸುಸೂತ್ರವಾದರೆ ಆ ಕಡೆ ಯಾರೂ ಸುಳಿಯುವುದಿಲ್ಲ.

ಮೊದಲ ಪ್ರಶ್ನೆ ಹಳೆಯ ಅಪವಾದದ ಬಗ್ಗೆ. ಪತ್ರಕ್ಕೆ ‘ಹಾನಿಕಾರಕ’ ಎಂಬ ಶೀರ್ಷಿಕೆ ಡೈಕ್‌ಸ್ಟ್ರಾ ಇಟ್ಟದ್ದಲ್ಲ, ಪತ್ರಿಕೆಯ ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್ ಇಟ್ಟದ್ದು ಎಂದು ಗೋಟೂ ನೆನಪಿಸಿತು. ಸಂಪಾದಕರ ತಲೆಬರಹದಿಂದ ಹೆಸರು ಕೆಡಿಸಿಕೊಂಡವರಲ್ಲಿ ತಾನು ಮೊದಲನೆಯದಲ್ಲ ಎಂಬುದಷ್ಟೇ ಅದರ ಸಮಾಧಾನ.

ಕೆಲಸವೇನು ಎಂದು ಕೇಳಿದಾಗ ಅದು ಬಾಡಿಗೆ ಪಾತ್ರೆಯ ಲೆಕ್ಕ ತೆಗೆಯಿತು. ಸಾಧನವೊಂದು ಕಂಡೊಡನೆ ಕರ್ನಲ್ ಅದರ ಡ್ರೈವರ್‌ನ ಪ್ರೋಬ್ ಅನ್ನು ಕರೆಯುತ್ತದೆ. ಪ್ರೋಬ್ ಮದುವೆ ಮನೆಯ ಯಜಮಾನನ ಹಾಗೆ ಒಂದೊಂದಾಗಿ ತರಿಸುತ್ತದೆ: ಮೊದಲು ಕೆಮ್ಯಾಲಕ್‌ನಿಂದ ಮೆಮೊರಿ, ಆಮೇಲೆ ಸಾಧನದ ಕ್ಲಾಕ್, ಆಮೇಲೆ ರಿಜಿಸ್ಟರ್‌ಗಳಿಗೆ ವಿಳಾಸ ಹೊಂದಿಸುವ ಐಓರೀಮ್ಯಾಪ್, ಕೊನೆಗೆ ಇಂಟರಪ್ಟ್. ಇಂಟರಪ್ಟ್ ಸಿಗದಿದ್ದರೆ ಅದಕ್ಕೆ ಮುಂಚೆ ತಂದ ಮೂರನ್ನೂ ಹಿಂದುಮುಂದಾಗಿ ವಾಪಸು ಮಾಡಬೇಕು: ಮೊದಲು ಅನ್‌ಮ್ಯಾಪ್, ಆಮೇಲೆ ಕ್ಲಾಕ್ ಬಂದ್, ಕಡೆಗೆ ಮೆಮೊರಿ. ಫಂಕ್ಷನ್‌ನ ತಳದಲ್ಲಿ ಈ ಮೂರಕ್ಕೂ ಒಂದೊಂದು ಲೇಬಲ್ ಮೆಟ್ಟಿಲಿನಂತೆ ಇರುತ್ತದೆ. ಎಲ್ಲಿ ಕೆಟ್ಟಿತೋ ಅದಕ್ಕೆ ತಕ್ಕ ಮೆಟ್ಟಿಲಿಗೆ ಗೋಟೂ ನೆಗೆದರೆ ಸಾಕು, ಉಳಿದ ಮೆಟ್ಟಿಲುಗಳನ್ನು ಇಳಿಯುವುದು ತಾನಾಗಿ ಆಗುತ್ತದೆ. ಚಪ್ಪರ ಹಾಕಿದವರಿಗೆ ತಾಂಬೂಲ ಕೊಡುತ್ತಾರೆ, ಎಲೆ ಎತ್ತುವವರ ಮುಖ ಯಾರೂ ನೋಡುವುದಿಲ್ಲ ಎಂದು ಅದು ಕೊಂಚ ಕಹಿಯಾಗಿಯೇ ಸೇರಿಸಿತು.

ಈ ಪದ್ಧತಿಗೆ ಕರ್ನಲ್‌ನ ಅಧಿಕೃತ ಕೋಡಿಂಗ್ ಶೈಲಿಯ 7ನೇ ಅಧ್ಯಾಯದ ಒಪ್ಪಿಗೆಯಿದೆ. ಲೇಬಲ್‌ಗೆ ಅದು ಮಾಡುವ ಕೆಲಸದ ಹೆಸರೇ ಇರಲಿ, ಜಿಡಬ್ಲ್ಯೂ-ಬೇಸಿಕ್ ಕಾಲದ ಹಾಗೆ ‘ಎರ್1’, ‘ಎರ್2’ ಎಂದು ಅಂಕಿ ಅಂಟಿಸಬೇಡಿ ಎಂದು ಅಲ್ಲಿ ಹೇಳಿದೆ. ಅಂಕಿ ಇಟ್ಟವರು ನಡುವೆ ಹೊಸದೊಂದನ್ನು ಸೇರಿಸಿದ ದಿನ ಎಲ್ಲ ಅಂಕಿಗಳನ್ನೂ ತಿದ್ದಬೇಕಾಗುತ್ತದೆ. ತಿದ್ದಲು ಬೇಸರಪಟ್ಟು ‘ಎರ್2ಎ’ ಎಂದು ಬರೆಯುತ್ತಾರೆ. ಸರ್ವೆ ನಂಬರ್ ಪೋಡಿ ಆದಂತೆ ಎಂದು ಗೋಟೂ ನಕ್ಕಿತು.

ವಾಪಸು ಮಾಡದೆ ಹೋದರೆ? ಉಂಡೂ ಹೋದ ಕೊಂಡೂ ಹೋದ ಎನ್ನುವ ಪರಿಸ್ಥಿತಿ. ಸಾಮಾನ್ಯ ಪ್ರೋಗ್ರಾಮ್ ಮುಗಿದಾಗ ಅದು ಹಿಡಿದ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಮ್ ಕಿತ್ತುಕೊಳ್ಳುತ್ತದೆ. ಡ್ರೈವರ್ ಆಪರೇಟಿಂಗ್ ಸಿಸ್ಟಮ್‌ನ ಮನೆಯವನೇ ಆದ್ದರಿಂದ ಅವನಿಂದ ಕಿತ್ತುಕೊಳ್ಳುವವರು ಯಾರೂ ಇಲ್ಲ. ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ರಿಜಿಸ್ಟರ್‌ಗಳ ಜಾಗ ಕೇಳುವ ಕರೆಗೆ ಮೈನಸ್ 16 ಎಂಬ ಉತ್ತರ ಬರುತ್ತದೆ. ಜಾಗ ಖಾಲಿಯಿಲ್ಲ ಎಂದು ಅದರ ಅರ್ಥ. ಹಿಡಿದುಕೊಂಡವನು ಊರಲ್ಲೇ ಇಲ್ಲ, ಸೀಟಿನ ಮೇಲಿನ ಟವೆಲ್ ಮಾತ್ರ ಹಾಗೇ ಇದೆ.

ಮುಂದಿನ ಪ್ರಶ್ನೆ ‘ಡೆವ್‌ರೆಸ್’ ಕುರಿತದ್ದು. ಗೋಟೂ ಧ್ವನಿ ಬದಲಾಯಿತು. ಟೀಜುನ್ ಹಿಯೋ ಡಿಸ್ಕ್ ಡ್ರೈವರ್‌ಗಳ ಲಿಬ್ಆಟಾವನ್ನು ತಿದ್ದುವಾಗ ಹೊಳೆದ ಉಪಾಯವದು, 2007ರಲ್ಲಿ 2.6.21ನೇ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಪ್ರತಿ ಸಾಧನಕ್ಕೂ ಒಂದು ಪಟ್ಟಿ. ಹೆಸರಿನ ಮುಂದೆ ‘ಡೆವ್‌ಎಮ್’ ಇರುವ ಫಂಕ್ಷನ್‌ನಿಂದ ಏನೇ ತಂದರೂ ಅದನ್ನು ಹಿಂದಿರುಗಿಸುವ ಕ್ರಮದ ಸಮೇತ ಪಟ್ಟಿಯಲ್ಲಿ ಬರೆದಿಡಲಾಗುತ್ತದೆ. ಪ್ರೋಬ್ ಸೋತರೂ, ಸಾಧನ ಕಳಚಿದರೂ ಕರ್ನಲ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ಎಲ್ಲವನ್ನೂ ಒಪ್ಪಿಸುತ್ತದೆ. ಹೊಸ ಡ್ರೈವರ್‌ಗಳ ತಳದ ಮೆಟ್ಟಿಲುಗಳು ಒಂದೊಂದಾಗಿ ಮಾಯವಾದದ್ದು ಇದರಿಂದ. ಅದು ಒಳ್ಳೆಯದೇ ಎಂದು ಗೋಟೂ ಒಪ್ಪಿಕೊಂಡಿತು, ಆದರೆ ಎರಡು ದೂರುಗಳನ್ನು ದಾಖಲಿಸುವಂತೆ ಪಟ್ಟು ಹಿಡಿಯಿತು.

ಒಂದನೆಯದು ಅರ್ಧ ಕೈಕೆಲಸ, ಅರ್ಧ ಪಟ್ಟಿ ಎಂಬ ಬೆರಕೆ. ಇಂಟರಪ್ಟ್ ಅನ್ನು ಡೆವ್‌ಎಮ್ ಮೂಲಕ ತಂದು, ಅದು ಬಳಸುವ ಬಫರ್ ಅನ್ನು ಮಾತ್ರ ಸಾಧನ ಕಳಚುವಾಗ ನಡೆಯುವ ರಿಮೂವ್ ಫಂಕ್ಷನ್‌ನಲ್ಲಿ ಕೈಯಾರೆ ಬಿಡುಗಡೆ ಮಾಡುವವರಿದ್ದಾರೆ. ರಿಮೂವ್ ಮುಗಿದ ಮೇಲೆಯೇ ಪಟ್ಟಿಯ ಸರದಿ. ನಡುವಿನ ಆ ಚಿಟಿಕೆ ಹೊತ್ತಿನಲ್ಲಿ ಇಂಟರಪ್ಟ್ ಬಂದರೆ ಅದು ಇಲ್ಲದ ಬಫರ್‌ಗೆ ಕೈ ಹಾಕುತ್ತದೆ. ಹತ್ತು ಸಾವಿರ ಸಲ ಏನೂ ಆಗುವುದಿಲ್ಲ. ಗ್ರಾಹಕರ ಎದುರು ತೋರಿಸುವ ದಿನ ಆಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಯುಎಸ್‌ಬಿ ಸಾಧನವೊಂದರ ಡ್ರೈವರ್ ತನ್ನ ಮೂಲ ದಾಖಲೆಯನ್ನು ಡೆವ್‌ಎಮ್ ಮೆಮೊರಿಯಲ್ಲಿ ಇಟ್ಟಿದೆ, ಒಂದು ಪ್ರೋಗ್ರಾಮ್ ಆ ಸಾಧನದ ಫೈಲ್ ತೆರೆದು ಕುಳಿತಿದೆ ಎಂದುಕೊಳ್ಳಬೇಕು. ಯಾರೋ ಸಾಧನವನ್ನು ಕಿತ್ತರು. ಪಟ್ಟಿ ಚಾಚೂ ತಪ್ಪದೆ ಮೆಮೊರಿಯನ್ನು ಒಪ್ಪಿಸಿತು. ಪ್ರೋಗ್ರಾಮ್ ಆಮೇಲೆ ನಿಧಾನವಾಗಿ ಫೈಲ್ ಮುಚ್ಚಲು ಹೋದಾಗ ಡ್ರೈವರ್ ತಡಕುವುದು ಬೇರೆಯವರ ಪಾಲಾಗಿರುವ ಮೆಮೊರಿಯನ್ನು. ಉಣ್ಣುವವರು ಏಳುವ ಮುನ್ನವೇ ಎಲೆ ಎತ್ತಿದಂತೆ. ಮೆಮೊರಿಯ ಆಯಸ್ಸು ಸಾಧನದ ಆಯಸ್ಸಿಗಿಂತ ದೊಡ್ಡದಿರಬಹುದು ಎಂಬುದು ಪಟ್ಟಿಗೆ ಗೊತ್ತಿಲ್ಲ. ಅಂಥ ಕಡೆ ಕೆರೆಫ್ ಎಂಬ ಎಣಿಕೆ ಬೇಕು: ಕೊನೆಯವರು ಕೈಬಿಟ್ಟ ಮೇಲೆಯೇ ಬಿಡುಗಡೆ. 2022ರಲ್ಲಿ ಲಾರೆಂಟ್ ಪಿಂಚಾರ್ಟ್ ಈ ತಕರಾರನ್ನು ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಎತ್ತಿದರು. ಹೊತ್ತಿಗೆ ಮುಂಚೆ ಬಿಚ್ಚಿದ ಕೊಳಾಯಿಯ ವಿಚಾರವನ್ನು ಪ್ಲಂಬರ್‌ಗಳ ಮುಂದೆಯೇ ಇಡಬೇಕಲ್ಲವೇ ಎಂದಿತು ಗೋಟೂ. ಆ ಭಾಷಣದಲ್ಲಿ ‘ಹಾನಿಕಾರಕ’ ಎಂಬ ಬಿರುದು ಡೆವ್‌ಎಮ್‌ಗೆ ಸಿಕ್ಕಿತೆಂಬ ಸಂತೋಷವನ್ನು ಅದು ಮುಚ್ಚಿಡಲಿಲ್ಲ.

2023ರಲ್ಲಿ ಮತ್ತೊಬ್ಬ ಪ್ರತಿಸ್ಪರ್ಧಿ ಬಂದಾಯಿತು. ಪೀಟರ್ ಝಿಲ್‌ಸ್ಟ್ರಾ ತಂದ ‘ಕ್ಲೀನಪ್’ ಸೌಲಭ್ಯದಲ್ಲಿ ವೇರಿಯಬಲ್ ತನ್ನ ಬ್ಲಾಕ್ ದಾಟಿದೊಡನೆ ಕಂಪೈಲರೇ ಅದರ ಬಿಡುಗಡೆಯನ್ನು ಸೇರಿಸಿಬಿಡುತ್ತದೆ. ಒಂದೇ ಫಂಕ್ಷನ್‌ನಲ್ಲಿ ಗೋಟೂ ಮತ್ತು ಕ್ಲೀನಪ್ ಬೆರೆಯಕೂಡದೆಂದು ಅದರ ದಸ್ತಾವೇಜಿನಲ್ಲಿದೆ. ಬೆರೆತರೆ ಯಾವುದು ಮೊದಲು ಹಿಂದಿರುಗಿತು ಎಂಬ ಲೆಕ್ಕ ಓದುವವರಿಗೆ ಸಿಗುವುದಿಲ್ಲ. ಕಾರಣ ಸರಿಯಾಗಿಯೇ ಇದೆ, ಆದರೂ ಪಂಕ್ತಿಯಿಂದ ಎಬ್ಬಿಸಿದಂತಾಯಿತು ಎಂದು ಗೋಟೂ ಹೇಳಿತು. ರಸ್ಟ್ ಭಾಷೆಯ ಬಗ್ಗೆ ಕೇಳಿದ್ದಕ್ಕೆ, ಅಲ್ಲಿ ತನ್ನ ಹೆಸರಿನವರು ಯಾರೂ ಇಲ್ಲ ಎಂದಷ್ಟೇ ಉತ್ತರ.

ನಿವೃತ್ತಿಯ ಯೋಚನೆಯಿದೆಯೇ ಎಂಬ ಪ್ರಶ್ನೆ ಪೂರ್ತಿಯಾಗಲಿಲ್ಲ. ಮೇಲಿನ ಸಾಲೊಂದರಲ್ಲಿ ಕ್ಲಾಕ್ ಕೇಳಲು ಹೋದ ಕರೆ ಮೈನಸ್ 517 ಹೊತ್ತು ಬಂತು. ಕ್ಲಾಕ್ ಕೊಡಬೇಕಾದ ಡ್ರೈವರ್ ಇನ್ನೂ ಸಿದ್ಧವಾಗಿಲ್ಲ, ಈಗ ತಂದದ್ದನ್ನೆಲ್ಲ ಒಪ್ಪಿಸಿ ಆಮೇಲೆ ಬಾ ಎಂದು ಅದರರ್ಥ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಂತೆಯೇ. ಬೂಟ್ ಆಗುವ ಹೊತ್ತಿನಲ್ಲಿ ಇದು ನಾಲ್ಕಾರು ಸಲ ಆಗುವುದುಂಟು. ಗೋಟೂ ಮಾತು ನಿಲ್ಲಿಸಿ ಕೊನೆಯ ಮೆಟ್ಟಿಲಿಗೆ ನೆಗೆಯಿತು. ಈ ಸಲ ಎತ್ತಬೇಕಾದ ಎಲೆ ಒಂದೇ: ಕೆಮ್ಯಾಲಕ್‌ನಿಂದ ತಂದ ಮೆಮೊರಿ.