ಹಲ್ಲು ಕಟ್ಟಿಸಿಕೊಂಡ ಕಾರು

ಎಂ.ಜಿ. ಅಂದರೆ ಬೆಂಗಳೂರಿನ ನನ್ನ ಬಂಧುಗಳಿಗೆ ಮೊದಲು ನೆನಪಾಗುವುದು ರಸ್ತೆ. ಅದು ಬಿಟ್ಟರೆ ಈಚಿನ ಹೆಕ್ಟರ್ ಕಾರು. ಇಂಗ್ಲೆಂಡಿನ ನನ್ನ ಮನೆ ಮುಂದೆ ನಿಂತಿರುವುದು ಅವೆರಡೂ ಅಲ್ಲ. ಆಕ್ಸ್‌ಫರ್ಡ್ ಪಕ್ಕದ ಆಬಿಂಗ್‌ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ 5 ಲಕ್ಷಕ್ಕೂ ಮಿಕ್ಕಿದ ಎಂಜಿಬಿ ಕಾರುಗಳಲ್ಲಿ ಒಂದು. ಎರಡೇ ಸೀಟು, ಮಡಚುವ ಟಾಪು. ಮಳೆ ಬಂದರೆ ಟಾಪು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. 40 ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರುಗಳಿಗೆ 2018ರಿಂದ ಇಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಸರ್ಕಾರ ಕೈಬಿಟ್ಟ ಈ ಜವಾಬ್ದಾರಿಯನ್ನು ನನ್ನ ಹೆಂಡತಿ ವಹಿಸಿಕೊಂಡಿದ್ದಾಳೆ.

“ಟಕ್ ಅಂತಲ್ಲಾ, ಏನದು?” ಎಂದು ಕೇಳಿದವಳೂ ಅವಳೇ. ಮುಂದಕ್ಕೆ ಹೊರಟಾಗ ಒಂದು ಟಕ್, ರಿವರ್ಸ್ ಹಾಕಿದಾಗ ಇನ್ನೊಂದು. ಹಳೇ ಕಾರು ಸಾಕಿಕೊಂಡವರೆಲ್ಲ ಮಾಡುವ ಮೊದಲ ರಿಪೇರಿಯನ್ನು ನಾನೂ ಮಾಡಿದೆ: ರೇಡಿಯೋ ಜೋರು ಮಾಡಿದೆ.

ಈ ಕಾರಿನ ಅಂದವೆಲ್ಲ ಅದರ ತಂತಿ ಚಕ್ರಗಳಲ್ಲಿದೆ. ಚಕ್ರವನ್ನು ಹಿಡಿದಿಡಲು ನಾಲ್ಕು ಬೋಲ್ಟುಗಳಿಲ್ಲ. ಚಕ್ರವನ್ನು ಹೊರುವ ಹಬ್‌ನ ಮೈಸುತ್ತ ಹಲ್ಲು, ಚಕ್ರದ ಹೊಟ್ಟೆಯೊಳಗೆ ಅದಕ್ಕೆ ಕೂರುವ ಹಲ್ಲು, ಹೊರಗಿನಿಂದ ಎರಡು ಕಿವಿಯ ಒಂದೇ ದೊಡ್ಡ ನಟ್ಟು. ಎಂಜಿನ್ನಿನ ಎಳೆತ, ಬ್ರೇಕಿನ ಹೊಡೆತ ಎಲ್ಲ ಆ ಹಲ್ಲುಗಳ ಪಾಲಿಗೆ. ಗ್ರೀಸ್ ಒಣಗಿ ನಟ್ಟು ತುಸು ಸಡಿಲವಾಯಿತೋ, ಹಬ್ಬೂ ಚಕ್ರವೂ ಹಲ್ಲುಹಲ್ಲು ಕಡಿಯಲು ಶುರು.

ಬ್ರೇಕ್ ಒತ್ತಿಕೊಂಡು ಕೂರುವಂತೆ ಹೆಂಡತಿಗೆ ಹೇಳಿ, ಜಾಕ್ ಕೊಟ್ಟು ಎತ್ತಿದ ಚಕ್ರವನ್ನು ಅಲ್ಲಾಡಿಸಿದೆ. ಹಬ್ ಮಿಸುಕಲಿಲ್ಲ, ಚಕ್ರ ಮಿಸುಕಿತು. ಬಿಚ್ಚಿದರೆ, ತುದಿ ಚಪ್ಪಟೆಯಾಗಿರಬೇಕಿದ್ದ ಹಲ್ಲುಗಳು ಗರಗಸದಂತೆ ಚೂಪಾಗಿದ್ದವು.

“ಹಲ್ಲು ಚೂಪಾಗಿದ್ದರೆ ಒಳ್ಳೇದಲ್ಲವಾ?” ಎಂದಳು.

ಅಲ್ಲ. ಹೊಸ ಚಕ್ರ ಮಾತ್ರ ತಂದರೆ ಸವೆದ ಹಬ್ ಅದನ್ನು ತಿಂದುಹಾಕುತ್ತದೆ; ಹೊಸ ಹಬ್ ಮಾತ್ರ ಹಾಕಿದರೆ ಹಳೇ ಚಕ್ರ ಸೇಡು ತೀರಿಸಿಕೊಳ್ಳುತ್ತದೆ. ಬಿಡಿಭಾಗದ ಅಂಗಡಿಯವನು ಇದನ್ನು ಎಷ್ಟು ಕಳಕಳಿಯಿಂದ ವಿವರಿಸಿದನೆಂದರೆ, ಬಿಲ್ಲು ನೋಡುವವರೆಗೂ ಅವನು ನಮ್ಮ ಕಡೆಯವನೇ ಅನ್ನಿಸಿತ್ತು.

ಹಬ್ಬಿನಲ್ಲೂ ಎಡ, ಬಲ ಎಂಬ ಭೇದವಿದೆ. ಎಡಗಡೆಯದಕ್ಕೆ ಮಾಮೂಲಿ ಥ್ರೆಡ್ಡು, ಬಲಗಡೆಯದಕ್ಕೆ ಉಲ್ಟಾ. ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ನಟ್ಟು ಬಿಗಿಯಾಗುತ್ತದೆ. ತುಸು ಸಡಿಲವಿದ್ದರೂ, ಕಾರು ಓಡುತ್ತಿದ್ದಂತೆ ತಾನೇ ಇಷ್ಟಿಷ್ಟೇ ಜರುಗಿ ಬಿಗಿದುಕೊಳ್ಳುತ್ತದೆ. ಕಾವೆಂಟ್ರಿಯ ರಡ್ಜ್-ವಿಟ್‌ವರ್ತ್ ಕಂಪನಿಯವರು ನೂರು ವರ್ಷಕ್ಕೂ ಹಿಂದೆ ತೋರಿದ ಜಾಣತನ ಇದು. ಎಡದ್ದು ಬಲಕ್ಕೆ ಹೋದರೆ ಅದೇ ಜಾಣತನ ನಟ್ಟನ್ನು ಬಿಚ್ಚುತ್ತ ಬರುತ್ತದೆ. ಚಕ್ರ ನಮಗಿಂತ ಮೊದಲು ಊರು ಸೇರುತ್ತದೆ.

ಹಿಂಚಕ್ರಗಳ ಹಬ್ಬುಗಳನ್ನು ಗ್ಯಾರೇಜಿನವರಿಗೆ ಒಪ್ಪಿಸಿದೆ. ಮುಂಚಕ್ರಗಳವು ನನ್ನ ಪಾಲು. ಅಲ್ಲಿ ಬೇರಿಂಗಿಗೆ ಇರಬೇಕಾದ ಸಡಿಲ ಇಂಚಿನ 1000 ಪಾಲಿನಲ್ಲಿ 2ರಿಂದ 4 ಪಾಲು. ಅಷ್ಟಕ್ಕಾಗಿ ತೆಳ್ಳನೆ ಶಿಮ್ ಬಿಲ್ಲೆಯೊಂದನ್ನು ತೆಗೆದು, ಇನ್ನೊಂದನ್ನು ತೂರಿಸಿ, ನಟ್ಟು ಬಿಗಿದು, ಡಯಲ್ ಗೇಜಿನ ಮುಳ್ಳು ನೋಡಿ, ಮತ್ತೆ ಬಿಚ್ಚಿ ಕೂರುವುದು. ಲೆಕ್ಕ ಸರಿಹೋದ ಮೇಲೆ ನಟ್ಟಿನ ಸಂದು ಅದನ್ನು ತಡೆದಿಡುವ ಸ್ಪ್ಲಿಟ್ ಪಿನ್ನಿನ ತೂತಿಗೆ ಎದುರಾಗಿರುವುದಿಲ್ಲ.

ಒಳಗೆ ಇಷ್ಟೆಲ್ಲ ಮಡಿ ಮಾಡಿದ ಮೇಲೆ, ಹಲ್ಲಿಗೆ ಗ್ರೀಸ್ ಬಳಿದು ಚಕ್ರ ಏರಿಸಿ, ಹೊರಗಿನ ನಟ್ಟಿನ ಕಿವಿಗೆ ಸುತ್ತಿಗೆಯಿಂದ ಬಾರಿಸಬೇಕು. ತಮಾಷೆಯಲ್ಲ; ಬಿಗಿಯುವ ಅಧಿಕೃತ ವಿಧಾನವೇ ಅದು. ಬರ್ಮಿಂಗ್‌ಹ್ಯಾಮ್ ಬಳಿಯ ಥಾರ್ ಕಂಪನಿ ಇದಕ್ಕೆ ಒಗ್ಗುವ ಸುತ್ತಿಗೆ ಮಾಡುತ್ತದೆ: ಒಂದು ಮುಖ ತಾಮ್ರ, ಇನ್ನೊಂದು ಹಸಿಚರ್ಮ. ಸಾವಿರದ ಪಾಲು ಅಳೆಸಿದ ಕಾರು ಕೊನೆಗೆ ಇಷ್ಟು ಮನಬಿಚ್ಚಿ ಹೊಡೆಯಲು ಬಿಡುವುದೇ ಅದರ ದೊಡ್ಡ ಗುಣ. ಕಚೇರಿಯಲ್ಲಿ ಸಿಗದ ಸುಖ ಇದು.

ಟಕ್ ಹೋಯಿತು. ಇಷ್ಟು ದುಡ್ಡು ಸುರಿದು ನಾನು ಕೊಂಡದ್ದು ಒಂದು ಶಬ್ದ ಇಲ್ಲದಿರುವುದನ್ನು, ಯಾರಿಗೆ ತೋರಿಸಲಿ? ಮೈಸೂರಿನಿಂದ ಬಂದ ಗೆಳೆಯ ಕಾರಿನ ಸುತ್ತ ಬಂದು, “ಚಕ್ರ ಚೆನ್ನಾಗಿ ತೊಳೆಸಿದ್ದೀಯ” ಎಂದ. ತಡೆಯಲಾಗದೆ, ಒಂದು ಚಕ್ರ ಬಿಚ್ಚಿ ಹೊಸ ಹಲ್ಲು ತೋರಿಸೋಣವೆಂದು ಡಿಕ್ಕಿ ತೆರೆದೆ. ಸುತ್ತಿಗೆ ಇರಲಿಲ್ಲ. ನನ್ನ ತಪಾಸಣಾಧಿಕಾರಿ ಅದನ್ನು ಆಗಲೇ ಅಡುಗೆಮನೆಗೆ ಒಯ್ದು, ಊಟಕ್ಕೆ ತಟ್ಟೆ ಹಾಕಿದ್ದಳು.