ಸಾರಥ್ಯ ಮೀಮಾಂಸೆ

ಅಮೆರಿಕದ ರಸ್ತೆಶಾಸ್ತ್ರದಲ್ಲಿ ಪಂಡಿತರ ನಿದ್ದೆಗೆಡಿಸಿರುವ ಸೂತ್ರ ಒಂದೇ: ಡ್ರೈವರ್ ಎಂದರೆ ಯಾರು? 1966ರ ಕಾಯ್ದೆಯಿಂದ ಬೆಳೆದ ಸಂಪ್ರದಾಯದಂತೆ ವಾಹನದ ಸುರಕ್ಷತೆ ಕೇಂದ್ರದ ಪಾಲು. ಲೈಸೆನ್ಸು, ಸಂಚಾರ ನಿಯಮ, ದಂಡ ರಾಜ್ಯಗಳ ಪಾಲು. ಕಾರು ಬೇರೆ, ಡ್ರೈವರ್ ಬೇರೆ ಆಗಿದ್ದ ತನಕ ಈ ಆಸ್ತಿ ಹಿಸ್ಸೆ ತಂಟೆಯಿಲ್ಲದೆ ನಡೆಯಿತು. ಕಾರೇ ಡ್ರೈವರ್ ಆದಾಗ ದ್ವೈತ ಅಳಿದು ಅದ್ವೈತ ಮೂಡಿತು. ಅದ್ವೈತದಲ್ಲಿ ದಂಡ ಯಾರಿಗೆ ಹಾಕಬೇಕೆಂದು ಶಂಕರರೂ ಹೇಳಿಲ್ಲ.

ಮೊದಲ ಭಾಷ್ಯ 2016ರ ಫೆಬ್ರುವರಿಯದು. ಸ್ಟೀರಿಂಗೂ ಪೆಡಲ್ಲೂ ಇಲ್ಲದ ಕಾರು ಮಾಡಹೊರಟ ಗೂಗಲ್‌ಗೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಪತ್ರ ಬರೆದು, ಒಳಗೆ ಕೂತವರಲ್ಲ, ಸ್ವಯಂಚಾಲನಾ ವ್ಯವಸ್ಥೆಯೇ ಡ್ರೈವರ್ ಎಂದು ವ್ಯಾಖ್ಯಾನಿಸಿತು. ಜಯಘೋಷ ಮುಗಿಯುವ ಮೊದಲೇ ಅದೇ ಪತ್ರದಲ್ಲಿ ಆಕ್ಷೇಪ! ಬ್ರೇಕನ್ನು ಕಾಲಿನಿಂದಲೇ ಒತ್ತಬೇಕೆಂದು ಇನ್ನೊಂದು ನಿಯಮವಿದೆ. ಡ್ರೈವರ್ ಪದವಿ ದಯಪಾಲಿಸಬಹುದು, ಕಾಲು ಎಲ್ಲಿಂದ ತರುವುದು? ವ್ಯಾಖ್ಯಾನ ಸಾಲದು, ನಿಯಮವನ್ನೇ ತಿದ್ದಬೇಕು ಎಂದಾಯಿತು.

ತಿದ್ದಲು ಹೊರಟ ಮಸೂದೆ 2017ರಲ್ಲಿ ಕೆಳಮನೆ ದಾಟಿ, ಮೇಲ್ಮನೆಯ ಅಟ್ಟ ಸೇರಿತು.

ಆಮೇಲಿನದು ಕನ್ನಡಿ ಪ್ರಕರಣ. ನ್ಯೂರೋ ಕಂಪನಿಯ ಆರ್-2 ಬರೀ ದಿನಸಿ ಹೊರುವ ಗಾಡಿ. ಒಳಗೆ ನರಪಿಳ್ಳೆಗೂ ಜಾಗವಿಲ್ಲ. ನಿಯಮವೆಂದರೆ ನಿಯಮ: ಪಕ್ಕದ ಕನ್ನಡಿ, ಮುಂದಿನ ಗಾಜು ಕಡ್ಡಾಯ. ಟೊಮೆಟೊಗೆ ಹಿಂದೆ ಬರುವ ಲಾರಿ ಕಾಣಬೇಕಿಲ್ಲ ಎಂಬ ಸತ್ಯ ಅರ್ಜಿ, ಸಾರ್ವಜನಿಕ ಅಭಿಪ್ರಾಯ ಎಲ್ಲ ದಾಟಿ 2020ರ ಫೆಬ್ರುವರಿಯಲ್ಲಿ ಸಿದ್ಧಾಂತವಾಯಿತು. ವಿನಾಯಿತಿ ಸಿಕ್ಕಿತು; ಅದೂ ಎರಡು ವರ್ಷದ ಮಟ್ಟಿಗೆ, ವರ್ಷಕ್ಕೆ 2,500 ಗಾಡಿಗಳಿಗೆ. ಟೊಮೆಟೊ ಅಷ್ಟು ದಿನ ಕೆಡದೆ ಉಳಿದರೆ ಅದರ ಪುಣ್ಯ.

ಪ್ರತ್ಯಕ್ಷ ಪ್ರಮಾಣ ಸಿಕ್ಕಿದ್ದು 2025ರ ಸೆಪ್ಟೆಂಬರಿನ ಒಂದು ರಾತ್ರಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ. ಕುಡಿದು ಓಡಿಸುವವರನ್ನು ಹಿಡಿಯಲು ನಿಂತಿದ್ದ ಪೊಲೀಸರ ಕಣ್ಣೆದುರೇ ವೇಮೋ ಕಂಪನಿಯ ಟ್ಯಾಕ್ಸಿಯೊಂದು ತಿರುಗಬಾರದ ಕಡೆ ಯೂ-ಟರ್ನ್ ಹೊಡೆಯಿತು. ತಡೆದರು, ನಿಂತಿತು. ಬಗ್ಗಿ ನೋಡಿದರೆ ಸೀಟು ಖಾಲಿ. ಬಾಯಿ ಊದಿಸುವ ಪ್ರಶ್ನೆಯೇ ಏಳಲಿಲ್ಲ. ದಂಡದ ಪುಸ್ತಕದಲ್ಲಿ ರೋಬೋ ಎಂಬ ಕಾಲಮ್ಮೇ ಇಲ್ಲವೆಂದು ಪೊಲೀಸರೇ ಹೇಳಿಕೊಂಡರು; ಕಂಪನಿಗೆ ಒಂದು ಮಾತು ತಿಳಿಸಿ ಬಿಟ್ಟರು.

ರಾಜ್ಯದ ಕಾನೂನು 2026ರ ಜುಲೈಯಿಂದ ಇಂಥ ತಪ್ಪಿಗೆ ಕಂಪನಿಯ ಹೆಸರಿಗೆ ನೋಟಿಸು ಬರೆಯುವ ಅಧಿಕಾರ ಕೊಡುತ್ತದೆ. ನೋಟಿಸು, ದಂಡವಲ್ಲ. ಅದನ್ನು ಗಾಡಿಗೇ ಅಂಟಿಸುತ್ತೇವೆನ್ನುವ ಉತ್ಸಾಹಿಗಳಿಗೆ ಒಂದು ಸೂಚನೆ: ಆರ್-2ನಂಥ ಗಾಜಿಲ್ಲದ ಗಾಡಿ ಸಿಕ್ಕರೆ, ಸಿಕ್ಕಿಸಲು ವೈಪರೂ ಇರುವುದಿಲ್ಲ.