ಕೋಗಳಿ–500ರಲ್ಲಿ ಮೂರಿಂಚಿನ ಫೋನು: ಒಂದು ಶಾಸ್ತ್ರೀಯ ಜಿಜ್ಞಾಸೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಕೋಗಳಿ–500. ಶಾಸನಗಳು ಹೀಗೆ ಕರೆದ ಈ ನಾಡು ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಹಂಚಿಹೋಗಿದೆ. ಬೆಂಗಳೂರಿನ ಮಾಲುಗಳಲ್ಲಿ ಕ್ಷೇತ್ರಕಾರ್ಯ ಮಾಡಲು ಬಸ್ ಚಾರ್ಜು ಮಂಜೂರಾಗದ ಕಾರಣ ಈ ಸೀಮೆಯನ್ನು ಆರಿಸಿಕೊಳ್ಳಲಾಯಿತು. ವಿದ್ವಾಂಸರು ಇದನ್ನು ‘ಪ್ರಾದೇಶಿಕ ಅನನ್ಯತೆಯ ದೃಷ್ಟಿಯಿಂದ’ ಎಂದು ಓದಿಕೊಳ್ಳತಕ್ಕದ್ದು.

ಜಿಜ್ಞಾಸೆ ಇಷ್ಟೆ: ಅಂಗಿಯ ಕಿಸೆಗೆ ಹಾಕಿದರೆ ಎಲೆಅಡಿಕೆ ಚೀಲಕ್ಕೂ ಪಕ್ಕದಲ್ಲಿ ಜಾಗ ಮಿಗುವಂಥ, ಮೂರಿಂಚು ಪರದೆಯ ಸ್ಮಾರ್ಟ್‌ಫೋನು ದಿನಬಳಕೆಗೆ ಆದೀತೆ, ಆಗದೆ?

ಮೊದಲು ಪೂರ್ವಪಕ್ಷ. ಸಣ್ಣದು ಎಂದರೆ ಎಷ್ಟು ಎಂಬುದರಲ್ಲೇ ಆಚಾರ್ಯರಿಗೆ ಒಮ್ಮತವಿಲ್ಲ. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ‘ಇದನ್ನು ಕಿವಿಗೆ ಹಿಡಿಯುವುದು ಹೇಗಪ್ಪಾ’ ಎಂದು ಲೋಕ ನಕ್ಕಿತು. 2020ರಲ್ಲಿ ಆ್ಯಪಲ್ 5.4 ಇಂಚಿನ ಫೋನು ತಂದು ಅದಕ್ಕೆ ‘ಮಿನಿ’ ಎಂದು ನಾಮಕರಣ ಮಾಡಿತು. ಒಂಬತ್ತು ವರ್ಷದಲ್ಲಿ ದೈತ್ಯನಿಗಿಂತ ದೊಡ್ಡದೇ ಕುಳ್ಳನಾಯಿತು. ಆ ಕುಳ್ಳನಿಗೂ ಆಯುಸ್ಸಿರಲಿಲ್ಲ. 2021ರ 13 ಮಿನಿಯೇ ಕೊನೆ, ಮರುವರ್ಷ ಅದರ ಪೀಠದಲ್ಲಿ 6.7 ಇಂಚಿನ ಪ್ಲಸ್ ಕುಳಿತಿತು. ನಿಜವಾದ ವಾಮನ ಸಂಪ್ರದಾಯ ಉಳಿದಿರುವುದು ಬೇರೆಡೆ. 2018ರ ಪಾಮ್ 3.3 ಇಂಚು, ಅದರ ಬ್ಯಾಟರಿ 800 ಎಂಎಎಚ್. ಯುನಿಹರ್ಟ್ಜ್ ಕಂಪನಿಯ ಜೆಲ್ಲಿ 2 (2020) ಮತ್ತು ಜೆಲ್ಲಿ ಸ್ಟಾರ್ (2023) ಮೂರೇ ಇಂಚು, ಬ್ಯಾಟರಿ 2000 ಎಂಎಎಚ್. ನಮ್ಮ ನಿಷ್ಕರ್ಷೆಗೆ ಪ್ರಮಾಣ ಇವೇ.

ಸಣ್ಣ ಪರದೆಯಲ್ಲಿ ದೊಡ್ಡ ವಿಷಯ ಹಿಡಿಸುವುದಿಲ್ಲ ಎಂಬ ಆಕ್ಷೇಪವನ್ನು ಕೋಗಳಿಯ ಶಾಸನವೇ ತಳ್ಳಿಹಾಕುತ್ತದೆ. ಚಾಳುಕ್ಯ ಇಮ್ಮಡಿ ತೈಲಪ ಚೋಳನನ್ನು ಸೋಲಿಸಿ 150 ಆನೆ ಹಿಡಿದ ಸುದ್ದಿಯನ್ನು ಕ್ರಿ.ಶ. 992ರಲ್ಲಿ ಇಲ್ಲಿನ ಕಲ್ಲಿನ ಮೇಲೆ ಕೆತ್ತಿದ್ದಾರೆ. ನೂರೈವತ್ತು ಆನೆ, ಒಂದೂ ಫೋಟೊ ಇಲ್ಲ, ಡೇಟಾ ಖರ್ಚಿಲ್ಲ, ಸಾವಿರ ವರ್ಷ ಚಾರ್ಜ್ ಇಳಿದಿಲ್ಲ. ಮೈಲಾರದ ಕಾರಣಿಕವೂ ಇದೇ ಪಕ್ಷದ ಸಾಕ್ಷಿ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಗದರಿ, ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಧುಮುಕುತ್ತಾನೆ. ಮಳೆ, ಬೆಳೆ, ರಾಜಕಾರಣ ಎಲ್ಲ ಆ ಸಾಲಿನೊಳಗೇ. ಸ್ಕ್ರೋಲ್ ಮಾಡುವ ಪ್ರಮೇಯವಿಲ್ಲ. ವ್ಯಾಖ್ಯಾನ ಮಾತ್ರ ವರ್ಷವಿಡೀ ನಡೆಯುತ್ತದೆ, ಅದಕ್ಕೆ ಪರದೆ ಬೇಡ, ಚಹಾದಂಗಡಿ ಸಾಕು.

ಇನ್ನು ಬೆರಳಿನ ವಿಚಾರ. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಮೂರಿಂಚು ಎನ್ನುವುದು ಮೂಲೆಯಿಂದ ಮೂಲೆಗೆ. ಪರದೆಯ ಅಗಲ ಸುಮಾರು 37 ಮಿಲಿಮೀಟರ್ ಅಷ್ಟೆ. ಸಾಲಿಗೆ ಹತ್ತು ಕೀಲಿಯಂತೆ ಹಂಚಿದರೆ ಒಂದೊಂದಕ್ಕೆ 3.7 ಮಿ.ಮೀ. ಹೊಲದಲ್ಲಿ ದುಡಿದ ಹೆಬ್ಬೆರಳು ಅಡ್ಡಲಾಗಿ ಎರಡು ಸೆಂಟಿಮೀಟರಿಗೆ ಕಮ್ಮಿಯಿಲ್ಲ. ಅಂದರೆ ಒಂದು ಒತ್ತಿಗೆ ಐದು ಅಕ್ಷರ ಅಡಿಯಾಳು. ಆದರೆ ಪಿನ್ ಒತ್ತುವ ಅಂಕಿಗಳು ಸಾಲಿಗೆ ಮೂರೇ, ಒಂದೊಂದಕ್ಕೆ ಹನ್ನೆರಡು ಮಿ.ಮೀ. ಸಿಗುತ್ತದೆ. ಆದ್ದರಿಂದ ಈ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವುದು ಸಲೀಸು, ಯಾಕೆ ಕಳಿಸಿದೆ ಎಂದು ಬರೆಯುವುದು ಕಷ್ಟ. ಮಿರ್ಚಿ ಮಂಡಕ್ಕಿ ಅಂಗಡಿಯವರಿಗೆ ಇದರಿಂದ ಬಾಧೆಯಿಲ್ಲ.

ಊರ ಹೆಸರು ಬರೆಯುವ ಶ್ರಮವನ್ನೂ ಅಳೆಯಲಾಯಿತು. ಗುಣಿತ, ಒತ್ತಕ್ಷರ ಎಲ್ಲ ಬಿಡಿಸಿ ಎಣಿಸಿದರೆ ಕೋಗಳಿಗೆ ಐದು ಒತ್ತು, ಕೂಡ್ಲಿಗಿಗೂ ಕೊಟ್ಟೂರಿಗೂ ಎಂಟೆಂಟು, ಹರಪನಹಳ್ಳಿಗೆ ಒಂಬತ್ತು, ಹೂವಿನಹಡಗಲಿಗೆ ಹತ್ತು. ಹಗರಿಬೊಮ್ಮನಹಳ್ಳಿಗೆ ಹದಿನೈದು! ಆ ಊರಿನವರು ತಮ್ಮೂರನ್ನು ‘ಎಚ್‌.ಬಿ. ಹಳ್ಳಿ’ ಮಾಡಿಕೊಂಡಿರುವುದನ್ನು ಭಾಷಾವಿಜ್ಞಾನಿಗಳು ಸೋಮಾರಿತನ ಎಂದಾರು. ಸಣ್ಣ ಫೋನು ಬರುವ ಮೊದಲೇ ಅದಕ್ಕೆ ಮಾಡಿಕೊಂಡ ಸಿದ್ಧತೆ ಎಂಬುದು ನಮ್ಮ ಮತ.

ಹೊಲದ ಕೆಲಸಕ್ಕೆ? ಕರೆಂಟು ಬಂದಾಗ ಬೋರಿನ ಮೋಟರನ್ನು ಮೊಬೈಲ್ ಸ್ಟಾರ್ಟರಿಗೆ ಕರೆ ಮಾಡಿ ಎಬ್ಬಿಸಲು ಪರದೆಯೇ ಬೇಡ, ಕೀಪ್ಯಾಡ್ ಸೆಟ್ಟೇ ಸಾಕು. ರಾತ್ರಿ ಬದುವಿನ ಮೇಲೆ ನಡೆಯಲು ಟಾರ್ಚು ಬೇಕು. ಗುಡೇಕೋಟೆ ಕಡೆಯ ಕರಡಿ ಎದುರಾದರೆ ಅದು ಪರದೆಯ ಅಳತೆ ಕೇಳುವುದಿಲ್ಲ. ಆದರೆ ಬೆಳೆ ಸಮೀಕ್ಷೆಯಲ್ಲಿ ಮೂರಿಂಚು ಮುಗ್ಗರಿಸುತ್ತದೆ. 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಸರ್ವೆ ನಂಬರು, ಹಿಸ್ಸಾ ನೋಡಿ, ಪಟ್ಟಿಯಲ್ಲಿ ಬೆಳೆ ಆರಿಸಿ, ಫೋಟೊ ಹಾಕಬಹುದು. ಉರಿಬಿಸಿಲು, ಇರುವೆಯಂಥ ಅಕ್ಷರ, ದಪ್ಪ ಬೆರಳು: ಈ ಮೂರೂ ಕೂಡಿದರೆ ಶೇಂಗಾ ಬಿತ್ತಿದವನ ಹೆಸರಿಗೆ ಸೂರ್ಯಕಾಂತಿ ಬೀಳಲು ಎಷ್ಟು ಹೊತ್ತು?

ಇಷ್ಟಾದರೂ ಬೆರಳು, ಬ್ಯಾಟರಿ, ಬಿಸಿಲು ಎಲ್ಲವೂ ಗೌಣ ಹೇತುಗಳು. ಹಿಂದಿನ ಮೀಮಾಂಸಕರೆಲ್ಲ ಎಡವಿದ್ದು ಒಂದೇ ಕಡೆ: ಫೋನು ಒಬ್ಬನದು ಎಂದುಕೊಂಡರು. ಈ ಸೀಮೆಯಲ್ಲಿ ಕಿಸೆ ಒಬ್ಬನದು, ಪರದೆ ಮನೆಯವರದು, ವಿಡಿಯೊ ಕರೆ ಬಂದರೆ ಓಣಿಯವರದು. ಕ್ಷೇತ್ರಕಾರ್ಯದ ಒಂದು ಪ್ರಸಂಗವನ್ನು ಯಥಾವತ್ ದಾಖಲಿಸುತ್ತೇವೆ. ದುಡಿಯಲು ಬೆಂಗಳೂರಿಗೆ ಹೋದ ಮಗ ಸಂಜೆ ಕೂಸನ್ನು ತೋರಿಸಲು ಕರೆ ಮಾಡಿದ್ದಾನೆ. ಕಟ್ಟೆಯ ಮೇಲೆ ಮೂರಿಂಚಿನ ಫೋನಿಗೆ ಆರು ತಲೆ ಮುತ್ತಿವೆ.

“ಕೂಸಿನ ಮಾರಿ ಎಲ್ಲೈತೋ ತಮ್ಮಾ? ಬರೇ ಕುಲಾವಿ ಕಾಣ್ತೈತಿ.”

“ಅಜ್ಜೀ, ಫೋನ್ ಸಣ್ಣದೈತಿ.”

“ಫೋನ್ ಸಣ್ಣದಾದ್ರ ಆತು. ಕೂಸು ಯಾಕ ಸೊರಗೈತಿ ಅದನ್ನ ಹೇಳು. ಅವ್ರವ್ವ ಉಣ್ಣಾಕ ಹಾಕ್ತಾಳೋ ಇಲ್ಲೋ?”

ಮುಂದೆ ನಡೆದದ್ದು ಕೌಟುಂಬಿಕ ಕಲಹ, ನಮ್ಮ ವಿಷಯವ್ಯಾಪ್ತಿಗೆ ಹೊರತು. ಆದರೂ ಒಂದು ಸೂತ್ರ ದಕ್ಕಿತು: ಪರದೆಯ ಇಂಚನ್ನು ನೋಡುವ ತಲೆಗಳಿಂದ ಭಾಗಿಸಿದರೆ ಬರುವುದು ‘ತಲೆವಾರು ದರ್ಶನ’. ಮೂರಿಂಚಿಗೆ ಆರು ತಲೆಯಾದರೆ ತಲಾ ಅರ್ಧ ಇಂಚು. 6.7 ಇಂಚಿಗೆ ಒಂದು ಇಂಚು ದಾಟುತ್ತದೆ. ಸೊಸೆಯಂದಿರ ನೆಮ್ಮದಿಗೆ ತಲಾ ಒಂದಿಂಚಾದರೂ ಬೇಕೆಂದು ಮಂಡಿಸುತ್ತಿದ್ದೇವೆ.

ತೀರ್ಪು: ಕೊಟ್ಟೂರು ಬಸವೇಶ್ವರನ ತೇರಿಗೆ ಪಾದಯಾತ್ರೆ ಹೊರಟವರು, ಒಂಟಿಯಾಗಿ ಹೊಲ ಕಾಯುವವರು, ಮನೆಯಲ್ಲಿ ಆಗಲೇ ಒಂದು ದೊಡ್ಡ ಫೋನು ಇರುವವರು ಮೂರಿಂಚಿನದನ್ನು ಎರಡನೆಯದಾಗಿ ಧಾರಾಳವಾಗಿ ಕೊಳ್ಳಬಹುದು. ಮನೆಗೆಲ್ಲ ಒಂದೇ ಫೋನಾದರೆ ಕೂಡದು. ಈ ತೀರ್ಪನ್ನು ಅಳಿದು ಅದೊಂದನ್ನೇ ಕೊಂಡು ತಂದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪವೇನೂ ತಟ್ಟದು. ಅವ್ವನಿಗೆ ಬಂದ ವಾಟ್ಸಾಪನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಕೆಲಸ ಮಾತ್ರ ಆಚಂದ್ರಾರ್ಕ ಅವನದೇ.